ಪಕ್ಕದ ಮನೆಯಲ್ಲಿ ಮಾತಾಡಿದವಳು

ಔರಾದಿನ ಓದುಗರ ಬಳಗವೊಂದು ನನ್ನನ್ನು ಭಾಷಣಕ್ಕೆ ಕರೆದ ಮೇಲೆ ನಾನು ಮನೆಯಲ್ಲಿ ಮಾತು ಕಡಿಮೆ ಮಾಡಿದೆ. ಗಂಟಲು ಕಾಪಾಡಿಕೊಳ್ಳಬೇಕಿತ್ತು. ಯಜಮಾನರು ಇದನ್ನು ಗಮನಿಸಿದರು, ಸಂತೋಷವನ್ನೂ ಪಟ್ಟರು.

ವಿಷಯ 'ಗಡಿನಾಡ ಕನ್ನಡದ ಸೊಗಸು'. ನನ್ನ ತವರು ಔರಾದಿನ ಆಚೆಗೆ, ಮಹಾರಾಷ್ಟ್ರದ ಗಡಿಯಲ್ಲಿರುವ ಡಾಬಕಾ. ಅಲ್ಲಿ ಕನ್ನಡದಲ್ಲಿ ಹೊರಟ ವಾಕ್ಯ ಮರಾಠಿಯಲ್ಲಿ ಹೋಗಿ ಮುಟ್ಟುತ್ತದೆ, ನಡುವೆ ಎರಡು ಉರ್ದು ಶಬ್ದ ಹತ್ತಿ ಇಳಿದಿರುತ್ತವೆ. ಮೇಲಾಗಿ ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು, ಬೀದರಿನಿಂದ ದಿನಾ ಬಸ್ಸಿಗೆ ಹೋಗಿಬರುತ್ತೇನೆ. ಈ ವಿಷಯಕ್ಕೆ ನನಗಿಂತ ಯೋಗ್ಯರು ಇಲ್ಲವೆಂದು ಬಳಗದವರು ಭಾವಿಸಿದ್ದರು. ಆ ವಿಚಾರದಲ್ಲಿ ಅವರಿಗೂ ನನಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಒಂದು ಸಂಗತಿ ಹೇಳಬೇಕು. ನನ್ನ ಬಾಯಲ್ಲಿ ಎರಡು ಕನ್ನಡಗಳಿವೆ. ಒಂದು ಮನೆಯದು, ಕಾಯಿಪಲ್ಲೆ ಕೊಳ್ಳಲು, ಜಗಳಾಡಲು. ಇನ್ನೊಂದು ವೇದಿಕೆಯದು. ಅದು ಹುಡುಗಿಯಾಗಿದ್ದಾಗ ರೇಡಿಯೋ ಕೇಳಿ ಕೇಳಿ ಕಲಿತದ್ದು. ಮೈಕು ಕಂಡರೆ ಸಾಕು, ನನ್ನ ಸ್ವರ ಒಂದು ಮೆಟ್ಟಿಲು ಇಳಿಯುತ್ತದೆ, 'ಹ'ಕಾರಗಳೆಲ್ಲ ತಲೆ ಬಾಚಿಕೊಂಡು ಬರುತ್ತವೆ.

ಭಾಷಣ ಬರೆದು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡು ಮಾಡಿ ಕೇಳಿದೆ. ಡಬ್ಬಿಯೊಳಗೆ ಸೊಳ್ಳೆ ಸಿಕ್ಕಿದ ಹಾಗಿತ್ತು. ತಪ್ಪು ದನಿಯದಲ್ಲ, ಲ್ಯಾಪ್‌ಟಾಪಿನದು ಎಂದು ತೀರ್ಮಾನಿಸಿ, ಪೇಟೆಗೆ ಹೋಗಿ ತಂತಿಯಿಲ್ಲದ ಸ್ಪೀಕರ್ ಒಂದನ್ನು ತಂದೆ. ಲೋಟದಷ್ಟೇ ಎತ್ತರ. ಅಂಗಡಿಯವನು ತನ್ನ ಮೊಬೈಲಿಗೆ ಜೋಡಿಸಿ ಹಾಡು ಹಚ್ಚಿದಾಗ ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದ್ದರು.

ಮನೆಗೆ ಬಂದು ಗುಂಡಿ ಒತ್ತಿದೆ. ನೀಲಿ ದೀಪ ಮಿಟುಕತೊಡಗಿತು. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ತೆಗೆದರೆ ಸ್ಪೀಕರಿನ ಹೆಸರು ಕಾಣಿಸಿತು. ಒಂದರ ಕೆಳಗೊಂದು, ಎರಡು ಸಲ ಅದೇ ಹೆಸರು. ಲ್ಯಾಪ್‌ಟಾಪು ತೊದಲುತ್ತಿದೆ ಅಂದುಕೊಂಡೆ. ಮೊದಲಿನದೇ ಅಸಲು ಇರಬೇಕೆಂದು ಅದನ್ನು ಒತ್ತಿದೆ. 'ಕನೆಕ್ಟೆಡ್' ಎಂದು ಬಂತು. ಭಾಷಣ ಹಚ್ಚಿದೆ. ಸದ್ದೇ ಇಲ್ಲ. ವಾಲ್ಯೂಮು ಪೂರಾ ಏರಿಸಿದೆ. ಇಲ್ಲ. ಸ್ಪೀಕರನ್ನು ಲ್ಯಾಪ್‌ಟಾಪಿನ ಮಗ್ಗುಲಿಗೆ ತಂದು, ತಲೆಗೆ ತಲೆ ತಾಗಿಸಿ ಕೂರಿಸಿದೆ. ಹೆಣ್ಣು ನೋಡುವ ದಿನದ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರ ಹಾಗೆ ಎರಡೂ ಸುಮ್ಮನೆ ಕುಳಿತವು.

ಯಜಮಾನರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಪೇಪರಿನಿಂದ ತಲೆ ಎತ್ತಿ, "ಎಮ್ಮಿ ಆಗಿದ್ರ ಕಿವಿ ಮುಟ್ಟಿ ನೋಡ್ತಿದ್ದೆ. ಇದಕ್ಕ ಕಿವಿನೂ ಇಲ್ಲ, ಏನ್ ಮಾಡ್ಲಿ?" ಅಂದರು.

ಮರುದಿನ ಅಂಗಡಿಗೆ ಒಯ್ದೆ. ಅವನು ಮೊಬೈಲಿಗೆ ಜೋಡಿಸಿದ, ಅದು ಗುಡುಗಿತು. "ಮೇಡಂ, ಮಾಲ್ ಏಕದಂ ಛಲೋ ಅದರಿ," ಅಂದ. ಅವನ ದನಿಯಲ್ಲಿದ್ದ ಕನಿಕರ ನನಗೆ ಹಿಡಿಸಲಿಲ್ಲ. ಭಾಲ್ಕಿಯ ಸ್ಟಾಫ್‌ರೂಮಿನಲ್ಲಿ ಈಗಿನ ವಸ್ತುಗಳ ಗುಣಮಟ್ಟದ ಬಗ್ಗೆ ದೀರ್ಘವಾಗಿ ಮಾತಾಡಿದೆ, ವೇದಿಕೆಯ ಕನ್ನಡದಲ್ಲಿ. ಸಂಜೆ ಮನೆಗೆ ಬಂದವಳೇ ಚಹಾ ಕುಡಿಯುವ ಮೊದಲು ಮತ್ತೆ ಜೋಡಿಸಿ ಭಾಷಣ ಹಚ್ಚುವುದು, ವಾಲ್ಯೂಮು ಏರಿಸುವುದು, ಎಲ್ಲಾದರೂ ಒಂದು ಅಕ್ಷರ ಕೇಳೀತೇನೋ ಎಂದು ಕಿವಿ ಹಚ್ಚಿ ಕೂರುವುದು, ಪೂರ್ತಿ ಭಾಷಣ ಮೌನವಾಗಿ ಮುಗಿದ ಮೇಲೆ ಏಳುವುದು. ಒಂದು ವಾರ ಇದೇ ನಡೆಯಿತು.

ಭಾನುವಾರ ಚರ್ಚು ಮುಗಿಸಿಕೊಂಡು ಪಕ್ಕದ ಮನೆಯ ಸಿಸ್ಟರ್ ಬಂದರು. ಅವರು ನಿವೃತ್ತ ನರ್ಸು. ಎಲ್ಲರಿಗೂ ಇಂದಿಗೂ ಸಿಸ್ಟರೇ. ಅವರ ಯಜಮಾನರು ನಿವೃತ್ತ ಮೇಷ್ಟ್ರು. ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ, ಆದರೆ ಹಳೆಯ ಕಲ್ಲಿನದು, ಆ ಕಡೆಯ ಸದ್ದು ಈ ಕಡೆ ಬರುವುದಿಲ್ಲ. ಸಿಸ್ಟರ್ ಒಂದು ಬಟ್ಟಲು ಹುಗ್ಗಿ ಟೇಬಲ್ಲಿನ ಮೇಲಿಟ್ಟು ಕೂತರು.

"ಮೇಡಂ, ನಿಮ್ಗ ಒಂದ್ ಮಾತ್ ಕೇಳಬೇಕಿತ್ತು. ನೀವು ಓದಿದಾಕಿ, ತಿಳೀತದ. ನಮ್ಮ ಮನ್ಯಾಗ ಹಾಡ ಕೇಳ್ಲಕ್ಕ ಒಂದ್ ಸ್ಪೀಕರ್ ಅದರಿ. ಈಗ ಒಂದ್ ವಾರ ಆಯ್ತು, ಸಂಜೀ ಆದ್ರ ಸಾಕು, ಅದರಾಗ ಯಾವಾಕಿನೋ ಬಂದು ಮಾತಾಡ್ಲತ್ತಾಳ."

"ಮಾತಾಡ್ಲತ್ತಾಳ?" ಅಂದೆ.

"ಹೂಂರಿ. ಹಾಡ ಹಚ್ಚಬೇಕಂತ ಚಾಲೂ ಮಾಡಿದ್ರ ಟಿಣ್ ಅಂತದ, ಆಕಿ ಶುರು. ದಿನಾ ಅದೇ ಭಾಷಣ. ರೇಡಿಯೋ ಇರಬೇಕಂತ ನಮ್ಮವ್ರು ಅಂತಾರ. ಆಕಿ ಬೆಂಗಳೂರಾಕಿ ಅನಸ್ತದರಿ. ಗಡಿನಾಡು ಗಡಿನಾಡು ಅಂತಾಳ, ಪಾಪ, ಈ ಕಡಿ ಒಮ್ಮಿನೂ ಬಂದಂಗ ಕಾಣಂಗಿಲ್ಲ."

ಯಜಮಾನರ ಪೇಪರು ಮೆಲ್ಲಗೆ ಮೇಲೇರಿ ಅವರ ಮುಖ ಮುಚ್ಚಿತು. ನನಗೆ ಆ ಎರಡು ಒಂದೇ ಹೆಸರುಗಳು ಕಣ್ಣ ಮುಂದೆ ಬಂದವು. ಮೊದಲಿನದು ಅಸಲೇ ಆಗಿತ್ತು, ಆದರೆ ಗೋಡೆಯಾಚೆಯ ಸಿಸ್ಟರ್ ಮನೆಯದು.

"ನಮ್ಮವ್ರು ಆಕಿಗೆ ಜವಾಬ್ ಕೊಡ್ತಾರರಿ," ಸಿಸ್ಟರ್ ಮುಂದುವರಿಸಿದರು. "'ಇಲ್ಲಿನ ನುಡಿಯ ಮಾಧುರ್ಯವನ್ನು ನಾವು ಉಳಿಸಿಕೊಳ್ಳಬೇಕಾಗಿದೆ' ಅಂತಾಳ ನೋಡ್ರಿ, ಆವಾಗ ಇವ್ರು, 'ಅಕ್ಕಾರ, ಮೊದಲ ನೀವ್ ಜರಾ ಕಲೀರಿ, ಆಮ್ಯಾಲ ಉಳಸೋಣು' ಅಂತಾರ. ಆದ್ರ ಒಂದ್ ಫಾಯದಾ ಆಗ್ಯದ. ಇವ್ರಿಗೆ ನಿದ್ದಿ ಬರ್ತಿದ್ದಿಲ್ಲ. ಈಗ ಆಕಿ ಅರ್ಧಾ ಮುಗಸೂದ್ರಾಗ ಕುರ್ಚಿ ಮ್ಯಾಲೇ ಮಲಗತಾರ."

ಪೇಪರು ನಡುಗತೊಡಗಿತು. ನಾನು ಬಟ್ಟಲಿನ ಹುಗ್ಗಿಯನ್ನೇ ನೋಡುತ್ತಿದ್ದೆ. ಈ ಕ್ಷಣದಲ್ಲಿ ಏನೂ ಹೇಳದೆ, ಸಂಜೆ ಗುಟ್ಟಾಗಿ ಎರಡನೇ ಹೆಸರು ಒತ್ತಿಬಿಟ್ಟರೆ ಬೆಂಗಳೂರಿನ ಆ ಹೆಂಗಸು ಬೀದರಿನಿಂದ ಶಾಶ್ವತವಾಗಿ ಹೊರಟುಹೋಗುತ್ತಾಳೆ ಎಂದು ಲೆಕ್ಕ ಹಾಕಿದೆ.

"ನೋಡೋಣ್ರಿ ಸಿಸ್ಟರ್," ಅಂದೆ. "ಏನರೆ ಸಿಗ್ನಲ್ ಸಮಸ್ಯಾ ಇರ್ತದ."

"ಸಿಸ್ಟರ್," ಪೇಪರಿನ ಹಿಂದಿನಿಂದ ದನಿ ಬಂತು, "ಆಕಿ ಇಲ್ಲೇ ಕುಂತಾಳರಿ. ನಿಮ್ಮ ಎದರಿಗೇ."

ಸಿಸ್ಟರ್ ನನ್ನನ್ನು ನೋಡಿದರು, ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಕೂತಿದ್ದ ಸ್ಪೀಕರನ್ನು ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಯಜಮಾನರು ಪೇಪರು ಕೆಳಗಿಟ್ಟು ರಾಜಾರೋಷವಾಗಿ ನಕ್ಕರು. ಕೊನೆಗೆ ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಕಣ್ಣೊರೆಸಿಕೊಂಡು ಸಿಸ್ಟರ್ ಕೇಳಿದರು: "ಅಲ್ರಿ ಮೇಡಂ, ನೀವ್ ಇಷ್ಟ್ ಛಲೋ ಮಾತಾಡ್ತೀರಿ. ಅದರಾಗ ಹಂಗ್ಯಾಕ ಮಾತಾಡೀರಿ?"

"ಭಾಷಣ ಅಂದ್ರ ಹಂಗೇ ಇರ್ತದರಿ."

"ಯಾರ್ ಹೇಳ್ಯಾರ?"

ಕ್ಲಾಸಿನಲ್ಲಿ ಇಂಥ ಪ್ರಶ್ನೆ ಬಂದರೆ ಗಂಟೆ ಬಾರಿಸುವವರೆಗೆ ಮಾತಾಡಬಲ್ಲೆ. ಅಂದು ಬಟ್ಟಲನ್ನು ಹತ್ತಿರ ಎಳೆದುಕೊಂಡೆ. "ಹುಗ್ಗಿ ಛಲೋ ಆಗ್ಯದರಿ," ಅಂದೆ. ಇನ್ನೂ ಬಾಯಿಗೆ ಹಾಕಿರಲಿಲ್ಲ.

ಸಂಜೆ ಸಿಸ್ಟರ್ ತಮ್ಮ ಸ್ಪೀಕರ್ ಬಂದ್ ಮಾಡಿದರು. ನಮ್ಮದು ಒಂದೇ ಸಲಕ್ಕೆ ಕೂಡಿಕೊಂಡಿತು. ವಾಲ್ಯೂಮು ಇನ್ನೂ ಪೂರಾ ಮೇಲೇ ಇತ್ತು. "ಮಾನ್ಯ ಸಭಿಕರೇ" ಎಂಬ ಗುಡುಗಿಗೆ ಯಜಮಾನರ ಕೈಯಲ್ಲಿದ್ದ ಚಹಾ ತುಳುಕಿತು. ಕಡಿಮೆ ಮಾಡಿ ಕೇಳುತ್ತ ಕೂತೆ. ಸಿಸ್ಟರ್ ಹೇಳಿದ್ದು ಖರೇ. ಯಾವಳೋ ನಮ್ಮ ಮನೆಗೆ ಬಂದು, ನಮ್ಮ ಮಾತು ಹೇಗೆ ಸೊಗಸಾಗಿದೆ ಎಂದು ನನಗೆ ತಿಳಿಸಿ ಹೇಳುತ್ತಿದ್ದಳು. ಅವಳು ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನಾನೇ ಎದ್ದು ಲ್ಯಾಪ್‌ಟಾಪು ಮುಚ್ಚಿದೆ.

ಔರಾದಿಗೆ ಹೊರಟಾಗ ಮನೆಯ ಮಾತಿನಲ್ಲೇ ಭಾಷಣ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಯಜಮಾನರು ಬರಲಿಲ್ಲ. "ಪಕ್ಕದ ಮನ್ಯಾಗಿಂದನೇ ಪ್ರತಿಕ್ರಿಯಾ ಬಂದದಲ್ಲ, ಸಾಕು," ಅಂದರು. ಮುಂದಿನ ಸಾಲಿನಲ್ಲಿ ಡಾಬಕಾದಿಂದ ಬಂದ ನನ್ನ ವೈನಿ, ಅಣ್ಣನ ಹೆಂಡತಿ, ಹೊಸ ಸೀರೆಯುಟ್ಟು ಕೂತಿದ್ದರು. ಮೈಕಿನ ಮುಂದೆ ನಿಂತೆ. ಬಾಯಿ ತೆಗೆದರೆ, "ಮಾನ್ಯ ಸಭಿಕರೇ" ಎಂದೇ ಬಂತು. ಗಾಬರಿಯಾಗಿ, "ಎಲ್ಲಾರಿಗೂ ನಮಸ್ಕಾರ್ರಿ" ಅಂದೆ. ಅಲ್ಲಿಂದ ಮುಂದೆ ನನ್ನ ಸ್ಥಿತಿ ಎರಡು ದೋಣಿಯಲ್ಲಿ ಕಾಲಿಟ್ಟವಳದು. 'ಮನಿ' ಅಂದು ತಿದ್ದಿ 'ಮನೆ' ಅನ್ನುವುದು, ತಿದ್ದಿದ್ದಕ್ಕೆ ನಾಚಿ ಮತ್ತೆ 'ಮನಿ' ಅನ್ನುವುದು. ಜನ ನಕ್ಕರು. ಹಾಸ್ಯವೆಂದು ತಿಳಿದು ಚಪ್ಪಾಳೆಯನ್ನೂ ತಟ್ಟಿದರು. ಯಾವ ಕನ್ನಡದಲ್ಲಿ ಮುಗಿಸಿದೆನೋ ನೆನಪಿಲ್ಲ. ಹಾರ ಹಾಕಿಸಿಕೊಂಡದ್ದು ಮಾತ್ರ ನೆನಪಿದೆ.

ಕೆಳಗಿಳಿದಾಗ ವೈನಿ ಕೈ ಹಿಡಿದುಕೊಂಡರು. "ಛಲೋ ಮಾತಾಡ್ದಿ. ಅರ್ಧಾ ತಿಳೀತು ನೋಡು."

"ಯಾವ ಅರ್ಧಾ, ವೈನಿ?"

"ಅದ್ ಕೇಳಬ್ಯಾಡ. ನಡಿ, ಮನಿಗಿ ಹೋಗೋಣು."

ಮಧ್ಯಾಹ್ನ ಡಾಬಕಾದ ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತ, ತಿಳಿಯದ ಅರ್ಧವನ್ನು ಹೇಳು ಅಂದರು. ಹೇಳಿದೆ. ನಮ್ಮಜ್ಜಿ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದದ್ದು, ಹೊಲದಲ್ಲಿ ಎತ್ತುಗಳೊಂದಿಗೆ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ನಡುನಡುವೆ ವೈನಿಯೂ ತಮ್ಮದನ್ನು ಸೇರಿಸಿದರು. ನಾಲ್ಕು ರೊಟ್ಟಿ ಬೇಯುವಷ್ಟರಲ್ಲಿ ಇಡೀ ಭಾಷಣ ಮುಗಿದಿತ್ತು.

"ಇದನ್ನೇ ಅಲ್ಲಿ ಹೇಳಬೇಕಿತ್ತಲ್ಲ?" ಅಂದರು ವೈನಿ, ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕುತ್ತ.

"ಅಲ್ಲಿ ನೀವು ರೊಟ್ಟಿ ಬಡೀತಿದ್ದಿಲ್ಲಲ್ಲ, ವೈನಿ," ಅಂದು ಪುಂಡಿಪಲ್ಲೆ ಹಚ್ಚಿಕೊಂಡೆ.