ಶೇವಂತಿ ಮತ್ತು ವಿಮಾ ಕಂಪನಿಯ ತಕರಾರು

ಬನಹಟ್ಟಿಯ ಶೇವಂತಿ ಸುಮ್ಮಸುಮ್ಮನೆ ಸಿಟ್ಟಿಗೇಳುವ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ಮಗ್ಗ ಒಬ್ಬಳೇ ನಡೆಸಿ, ಸೀರೆಯ ಗಂಟು ಸಾಗಿಸಲು ಒಂದು ಲಗೇಜ್ ಆಟೋ ಕೊಂಡವಳು. ಅಂಥವಳು ಜಮಖಂಡಿ ಕೋರ್ಟಿಗೆ ಅಲೆದೂ ಅಲೆದೂ ಬಾಗಿಲು ಸಪ್ಪಳಾದರೂ ಸಿಡುಕುವಂತಾದಳು.

2009ರ ಮಳೆಗಾಲದಲ್ಲಿ ಚಿಮ್ಮಡದ ತಿರುವಿನಲ್ಲಿ ಅವಳ ಆಟೋ ಕುರಿ ಹಿಂಡಿಗೆ ನುಗ್ಗಿ, ಕುರಿ ಕಾಯುವ ಅಮಸಿದ್ದಪ್ಪನ ಕಾಲು ಮುರಿಯಿತು. ಆಟೋ ಕಾಲುವೆಗೆ ಉರುಳಿತು. ಓಡಿಸುತ್ತಿದ್ದ ಕಾಮಣ್ಣ ಈಜಿ ದಂಡೆ ಹತ್ತಿದ; ಕಿಸೆಯಲ್ಲಿದ್ದ ಲೈಸೆನ್ಸು ನೀರುಪಾಲಾಯಿತು. ಅಮಸಿದ್ದಪ್ಪ ಪರಿಹಾರ ಕೇಳಿ ಶೇವಂತಿಯ ಮೇಲೂ ವಿಮಾ ಕಂಪನಿಯ ಮೇಲೂ ಕೇಸು ಹಾಕಿದ. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕಾಲು ಮುರಿದವ ಕೇಳಬೇಕಾದ್ದೇ, ವಿಮೆ ಐತಿ, ಕಂಪನಿ ನೋಡಿಕೊಳ್ಳುತ್ತೈತಿ ಎಂದುಕೊಂಡಳು.

ಕೋರ್ಟಿನ ಮೊದಲ ತಾರೀಖಿನ ದಿನ ಕಂಪನಿಯ ವಕೀಲರ ಬಳಿ ಹೋಗಿ ಕೈಮುಗಿದಳು. "ನನ್ನ ಪರವಾಗಿ ಮಾತಾಡವರು ನೀವ ಅಲ್ರೀ?"

"ನಿಮ್ಮ ಪರವಾಗಿ ಅಲ್ಲವ್ವಾ. ನಿಮ್ಮ ಡ್ರೈವರ್‌ಗೆ ಸಾಮಾನು ಗಾಡಿ ಹೊಡಿಯೋ ಲೈಸೆನ್ಸ್ ಇಲ್ಲ. ಕಂಪನಿ ಕೊಡಂಗಿಲ್ಲ. ನಿಮ್ಮ ವಕೀಲರನ್ನ ನೀವ ಇಟ್ಕೋರಿ."

"ವರ್ಷಾ ವರ್ಷಾ ಕಂತು ತುಂಬಿಸ್ಕೊಳ್ಳುವಾಗ ಬೇಕಾಗಿದ್ದೆ. ಈಗ ಬ್ಯಾಡ ಆದೆ?" ಎಂದಳು. ವಕೀಲರು ಫೈಲು ಮಡಚಿಕೊಂಡು ಹೋದರು.

ಗಿರಿಮಲ್ಲಪ್ಪ ಎಂಬ ವಕೀಲರನ್ನು ಇಟ್ಟಳು. ತಾರೀಖು ಬಂದಾಗಲೆಲ್ಲ ಮಗ್ಗ ನಿಲ್ಲಿಸಿ ಬಸ್ಸು ಹತ್ತುವುದು. ಒಮ್ಮೆ ಸಾಕ್ಷಿ ಬರಲಿಲ್ಲ, ಒಮ್ಮೆ ಸಾಹೇಬರು ರಜೆ, ಒಮ್ಮೆ ಫೈಲೇ ಸಿಗಲಿಲ್ಲ. ಕೋಲೂರಿ ಬರುತ್ತಿದ್ದ ಅಮಸಿದ್ದಪ್ಪನೂ ಕೋರ್ಟಿನ ಅಂಗಳದ ಬೇವಿನ ಗಿಡದ ನೆರಳಿಗೆ ಅವಳ ಪಕ್ಕ ಕೂತು, "ಇದಕ್ಕಿಂತ ಕುರಿ ಎಣಿಸೋದು ಹಗರ ಐತಬೇ ಯಕ್ಕಾ" ಎನ್ನುತ್ತಿದ್ದ.

ಕಾಮಣ್ಣ ಮಾತ್ರ ಒಂದೇ ಮಾತು ಹಿಡಿದಿದ್ದ: "ನನ್ನ ಲೈಸೆನ್ಸ್ ಪಕ್ಕಾ ಐತ್ರಿ." ನಕಲು ಪ್ರತಿ ಕೇಳಿದರೆ ಆರ್‌ಟಿಒದವರು ಕೇಸು ಮುಗಿಯಲಿ ಎಂದು ಕಳಿಸಿದ್ದರು; ಕಂಪನಿಯೋ ಅವನಿಗೆ ಅಂಥ ಲೈಸೆನ್ಸ್ ಇಲ್ಲವೆಂಬ ಆರ್‌ಟಿಒ ಕಾಗದವನ್ನೇ ಹಾಜರು ಮಾಡಿತ್ತು. ಸರಕಾರಿ ಸಿಕ್ಕಾ ಒತ್ತಿದ ಕಾಗದ ಸುಳ್ಳಾಡುತ್ತದೆಯೇ? ಶೇವಂತಿ ಒಂದು ದಿನ ತಾಳ್ಮೆಗೆಟ್ಟು, "ನಿನ್ನ ಸುಳ್ಳಿಗೆ ನಾ ಕೋರ್ಟ್ ಕಾಯಾಕತ್ತೇನಿ" ಎಂದುಬಿಟ್ಟಳು. ಕಾಮಣ್ಣ ರಿಪೇರಿಯಾಗಿ ಬಂದಿದ್ದ ಆಟೋದ ಕೀಲಿ ಇಟ್ಟು ಹೋದವ ಮತ್ತೆ ಕೆಲಸಕ್ಕೆ ಬರಲಿಲ್ಲ.

ನಾಲ್ಕನೇ ವರ್ಷ, ಕೇಸು ಕರೆಯುವುದು ತಡವಾದ ಒಂದು ಮಧ್ಯಾಹ್ನ ಅವಳು ಗಿರಿಮಲ್ಲಪ್ಪನವರ ಮುಂದೆ ಕೂತು ಹಟ ಹಿಡಿದಳು. "ಆ ಇಂಗ್ಲಿಷ್ ಕಾಗದಾ ಒಮ್ಮೆ ಕನ್ನಡದಾಗ ಓದಿ ಹೇಳ್ರಿ. ಏನ್ ಬರದಾರ ಅಂತ ನನಗ ತಿಳೀಬೇಕು."

ಅವರು ಬೇಸರದಿಂದಲೇ ಓದಿದರು: "ಕಾಮಣ್ಣ, ತಂದೆ ಶಿವಯೋಗೆಪ್ಪ..."

"ತಡೀರಿ! ಅವರಪ್ಪ ಹಾಲಸಿದ್ದಪ್ಪ ಅಲ್ರೀ?"

ಗಿರಿಮಲ್ಲಪ್ಪ ಕನ್ನಡಕ ಸರಿಪಡಿಸಿಕೊಂಡು ಕಾಮಣ್ಣ ಪೊಲೀಸರಿಗೆ ಬರೆಸಿದ್ದ ಲೈಸೆನ್ಸ್ ನಂಬರಿನ ಜೊತೆ ಕಾಗದದ ನಂಬರು ತಾಳೆ ನೋಡಿದರು. ಎರಡು ಅಂಕಿ ಹಿಂದುಮುಂದಾಗಿದ್ದವು. ಕಂಪನಿಯ ತಪಾಸಣೆಯವನು ತೆಗೆಸಿದ್ದು ಬೇರೆ ಯಾವನೋ ಕಾಮಣ್ಣನ ದಾಖಲೆ. ಅದನ್ನು ಯಾರೂ ಪೂರ್ತಿ ಓದಿರಲಿಲ್ಲ, ಅವಳ ವಕೀಲರೂ ಸಹ.

ಶೇವಂತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಜೆ ನೇರ ಕಾಮಣ್ಣನ ಮನೆಗೆ ಹೋದಳು. "ನಂದ ತಪ್ಪಾತು ಕಾಮಣ್ಣಾ" ಎಂದಳು. ಅವನು ಕೂಡಲು ಹೇಳಿ ನೀರು ಕೊಟ್ಟ. ಕಡೆಗೆ, "ನೀವಾದ್ರೂ ನಂಬಬೇಕಿತ್ರಿ" ಎಂದ. ಆ ಮಾತು ಕೋರ್ಟಿನ ಅಲೆದಾಟಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಸಾಕ್ಷಿ ಹೇಳಲು ಬಂದ.

ಇಷ್ಟಾದರೂ ಕೋರ್ಟು ಮತ್ತೆರಡು ತಾರೀಖು ಕೊಟ್ಟಿತು. ಆರ್‌ಟಿಒ ಗುಮಾಸ್ತ ರಿಜಿಸ್ಟರ್ ತಂದು ತೆರೆದ ಮೇಲೆ ಐದೇ ನಿಮಿಷದಲ್ಲಿ ಎಲ್ಲ ಸ್ಪಷ್ಟವಾಯಿತು. ಕಾಮಣ್ಣನಿಗೆ ಸಾಮಾನು ಗಾಡಿಯ ಲೈಸೆನ್ಸು ಇತ್ತು. ಪರಿಹಾರವೆಲ್ಲ ಕಂಪನಿಯೇ ಕೊಡಬೇಕೆಂದು ತೀರ್ಪಾಯಿತು.

ಹೊರಗೆ ಕಂಪನಿಯ ವಕೀಲರು, "ಸಣ್ಣ ತಪ್ಪಾಗಿತ್ತವ್ವಾ" ಎಂದರು.

"ಸಣ್ಣದು?" ಶೇವಂತಿ ಅಲ್ಲೇ ನಿಂತು ಮೊದಲು ಕಾಮಣ್ಣನತ್ತ, ಆಮೇಲೆ ಅಮಸಿದ್ದಪ್ಪನತ್ತ ಕೈ ತೋರಿಸಿದಳು. "ಇವನ ಅನ್ನಾ ಹೋತು. ಇಂವಾ ನಾಕು ವರ್ಷ ಕುಂಟಕೋತ ಬಂದ. ಅಪ್ಪನ ಹೆಸರು ಓದಾಕ ನಿಮಗ ಎಷ್ಟು ಹೊತ್ತು ಬೇಕಾಗಿತ್ರೀ?"

ವಕೀಲರು ಮೆಟ್ಟಿಲಿಳಿದು ಹೋದರು. ಅಮಸಿದ್ದಪ್ಪ ಚಹಾ ಹೇಳಿದ. ಮೂವರೂ ಕುಡಿಯುತ್ತ ಕೂತರು. ಶೇವಂತಿ ಬೈಯುವುದನ್ನು ಬಸ್ಸು ಬರುವ ತನಕ ನಿಲ್ಲಿಸಲಿಲ್ಲ.