ಕೋಲಾಗಿ ಉಳಿದ ಬಿಲ್ಲು

ನಮ್ಮ ಹಿತ್ತಲ ಬಾಗಿಲು ಮಳೆಗೆ ಉಬ್ಬಿಕೊಂಡು ಮುಚ್ಚಿದರೆ ತೆಗೆಯಲಾಗದು, ತೆಗೆದರೆ ಮುಚ್ಚಲಾಗದು ಎನ್ನುವಂತಾಗಿತ್ತು. ಅದನ್ನು ಸರಿಮಾಡಲು ನಿನ್ನೆ ಒಬ್ಬ ಬಡಗಿ ಬಂದಿದ್ದ. ಮೂವತ್ತರ ಆಸುಪಾಸಿನವನು, ಮಾತು ಕಮ್ಮಿ. ಕೆಲಸಕ್ಕೆ ಅಡ್ಡವಾಗಿ ಗೋಡೆಗೆ ಒರಗಿದ್ದ ನನ್ನ ಊರುಗೋಲನ್ನು ಪಕ್ಕಕ್ಕಿಡಲು ಎತ್ತಿಕೊಂಡವನು, ಇಡದೆ ಹಾಗೇ ನಿಂತುಬಿಟ್ಟ. ಉದ್ದಕ್ಕೂ ಬೆರಳಾಡಿಸಿದ. ಮೂಸಿದ.

"ಹರಳೆಣ್ಣೆ ಹಾಕ್ತೀರಾ ಸಾರ್?"

"ಹೂಂ. ತಿಂಗಳಿಗೊಂದು ಸಲ."

"ಯಾವ ಮರ ಇದು?"

ತಡಸಲು ಎಂದೆ. ಮರದ ಕಸುಬಿನವನಾಗಿಯೂ ಅವನು ಆ ಹೆಸರನ್ನೇ ಕೇಳಿರಲಿಲ್ಲ. ಅದಕ್ಕೆ ಅವನನ್ನು ದೂರುವಂತಿಲ್ಲ, ಕೇಳಿಸಿಕೊಳ್ಳುವಷ್ಟು ಮರಗಳನ್ನು ನಮ್ಮ ಕಾಲದವರು ಉಳಿಸಿಲ್ಲ. ಅವನು ಕೋಲನ್ನು ತಿರುಗಿಸಿ ಕೆಳತುದಿಯ ಹತ್ತಿರ ಹಾಕಿದ್ದ ಕಚ್ಚಿನ ಮೇಲೆ ಉಗುರಿಟ್ಟು, "ಇಲ್ಲಿ ಯಾಕೆ ಹಿಂಗೆ ಕೊರೆದವ್ರೆ?" ಎಂದ.

"ಯಾರಿಗೆ ಗೊತ್ತಪ್ಪ, ತಗೊಂಡಾಗಲೇ ಇತ್ತು" ಎಂದುಬಿಟ್ಟೆ.

ಸುಳ್ಳು. ಆ ಕೋಲಿನ ವಿಷಯವಾಗಿ ನಾನು ಹೇಳಿದ ಮೂರನೆಯ ಸುಳ್ಳು ಅದು. ಮೊದಲೆರಡನ್ನು ಕೇಳಿಸಿಕೊಂಡವನು ತೀರಿಹೋಗಿ ಬಹಳ ವರ್ಷಗಳಾದವು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ನಿಮ್ಮ ಹತ್ತಿರವಾದರೂ ನಿಜ ಹೇಳಿ ಮುಗಿಸುತ್ತೇನೆ.

ಅದು ಕೋಲಲ್ಲ, ಬಿಲ್ಲು. ಮುರಿದ ಬಿಲ್ಲಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಭಾಗ. ಆ ಕಚ್ಚು ಹೆದೆಯ ಕುಣಿಕೆ ಸಿಕ್ಕಿಸುವ ಜಾಗ. ಮಾಡಿದವನು ಗುರ್ರಪ್ಪ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿ ಮೂರು ಮೈಲಿ ನಡೆದರೆ ಬೆಟ್ಟದ ಬುಡದಲ್ಲಿ ಅವನ ಊರು. ಪಾಳೇಗಾರರ ಕಾಲದಿಂದ ಬಿಲ್ಲು ಮಾಡುತ್ತ ಬಂದ ಮನೆತನವಂತೆ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ನಾನು ಶ್ರೀನಿವಾಸಪುರದ ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಆ ಮನೆತನದಲ್ಲಿ ಅವನೊಬ್ಬನೇ ಉಳಿದಿದ್ದ. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ನರಸಮ್ಮ ಕತ್ತಾಳೆ ನಾರು ಹೊಸೆದು ಹೆದೆ ಮಾಡಿಕೊಡುತ್ತಿದ್ದಳು.

ನನ್ನಂಥವನಿಗೆ ಬಿಲ್ಲೇಕೆ ಬೇಕಿತ್ತೆಂದು ನೀವು ಕೇಳಬಹುದು. ಇಲಿ ಕಂಡರೆ ಮಂಚ ಹತ್ತುವ ಗಿರಾಕಿ ನಾನು. ಆಗಿನ್ನೂ ಹೊಸದಾಗಿ ಮದುವೆಯಾಗಿತ್ತು. ಮಾಲೂರಿನ ಮಾವನವರ ಮನೆಯಲ್ಲಿ ನನ್ನನ್ನು 'ಛತ್ರಿ ಮೇಷ್ಟರು' ಎಂದು ಆಡಿಕೊಳ್ಳುತ್ತಾರೆಂದು ತಿಳಿದಿತ್ತು. ಛತ್ರಿಯ ಬದಲು ಕೈಯಲ್ಲೊಂದು ಬಿಲ್ಲಿದ್ದರೆ ಬೆಲೆ ಬಂದೀತೆಂದು ಒಂದು ಭಾನುವಾರ ಗುರ್ರಪ್ಪನ ಮನೆಗೆ ಹೋದೆ.

ಅಟ್ಟದ ಗಳುಗಳಿಂದ ಐದು ಬಿಲ್ಲು ತೂಗುತ್ತಿದ್ದವು, ಒಂದಕ್ಕೂ ಹೆದೆ ಏರಿಸಿರಲಿಲ್ಲ. ನಾನು ಎಲ್ಲಕ್ಕಿಂತ ನೆಟ್ಟಗಿದ್ದ, ನುಣುಪಾಗಿ ಮಿಂಚುತ್ತಿದ್ದ ಒಂದಕ್ಕೆ ಕೈ ಹಾಕಿದೆ. ಗುರ್ರಪ್ಪ ಅದರ ಪಕ್ಕದ್ದನ್ನು ತೋರಿಸಿದ. ಕಪ್ಪಗೆ, ನಡುವೆ ಎರಡು ಗಂಟು ಎದ್ದುಕೊಂಡು, ನೋಡಲು ಸೌದೆಯಂತಿತ್ತು.

"ಇದನ್ನ ತಗೊಳ್ಳಿ ಅಯ್ಯೋರೆ. ಗಂಟು ಐತೆ ಅಂತ ಹೆದರ್ಕೊಬೇಡಿ. ಗಂಟಿರೋ ಕಡೆ ಮರ ತನ್ನನ್ನ ತಾನೇ ಬಿಗಿಯಾಗಿ ಕಟ್ಕೊಂಡೈತೆ. ನಾವು ಅದನ್ನ ಕೆತ್ತಬಾರ್ದು, ಅಂತೇ."

ಮಾತಿನ ಕೊನೆಗೊಂದು 'ಅಂತೇ' ಸೇರಿಸುವುದು ಅವನ ಅಭ್ಯಾಸ. ನಮ್ಮ ಕಡೆಯ ತೆಲುಗು ಅದು, ಅಷ್ಟೇ ಎಂದರ್ಥ. ನಾನು ಕೇಳಲಿಲ್ಲ. ಚೆಂದದ್ದನ್ನೇ ತಂದೆ. ಮಾಲೂರಿಗೆ ಹೋಗುವ ರೈಲಿನಲ್ಲಿ ಟಿಕೆಟ್ ನೋಡಲು ಬಂದವನು ಯಾವ ನಾಟಕದ ಕಂಪನಿ ಎಂದು ವಿಚಾರಿಸಿದ. ಅಲ್ಲಿಗೆ ತಂದದ್ದನ್ನು ನೋಡಿ ನನ್ನ ಹೆಂಡತಿ, "ಸ್ವಯಂವರ ಆಗಲೇ ಮುಗೀತಲ್ಲ, ಇನ್ಯಾಕೆ ಇದು?" ಎಂದಳು. ನಾನು ಯಾವುದನ್ನೂ ಲೆಕ್ಕಿಸದೆ ಮಾವನವರ ಜಗಲಿಯ ಗೋಡೆಗೆ ಎರಡು ಮೊಳೆ ಹೊಡೆದು, ಹೆದೆ ಏರಿಸಿಯೇ ಅದನ್ನು ತೂಗುಹಾಕಿದೆ. ಹೆದೆ ಏರಿಸದಿದ್ದರೆ ಅದು ಬಿಲ್ಲೆಂದು ಬಂದವರಿಗೆ ತಿಳಿಯುವುದಾದರೂ ಹೇಗೆ?

ವರ್ಷ ತುಂಬುವುದರೊಳಗೆ ಅದರ ಜೀವ ಹೋಯಿತು. ಹೆದೆ ಬಿಚ್ಚಿದರೂ ಬಾಗಿದ್ದು ಬಾಗಿದ ಹಾಗೇ ಇರುತ್ತಿತ್ತು. ತಗೊಂಡು ಹೋಗಿ ಗುರ್ರಪ್ಪನ ಮುಂದೆ ಇಟ್ಟೆ. ಅವನು ಕೈಯಲ್ಲಿ ಹಿಡಿದು ಬೆನ್ನುದ್ದಕ್ಕೂ ತಡವಿ, "ಮಲಗಿಸ್ತಾ ಇರ್ಲಿಲ್ವಾ?" ಎಂದ. ಕೆಲಸವಿಲ್ಲದಾಗ ಹೆದೆ ಇಳಿಸುವುದನ್ನು ಅವನು ಬಿಲ್ಲನ್ನು ಮಲಗಿಸುವುದು ಎನ್ನುತ್ತಿದ್ದ. "ನಿಮ್ಮನ್ನ ವರ್ಷಗಟ್ಲೆ ಬೊಗ್ಗಿಸಿ ನಿಲ್ಲಿಸಿದ್ರೆ ನೀವು ನೆಟ್ಟಗಾಗ್ತೀರಾ ಅಯ್ಯೋರೆ?"

ನನಗೆ ನಿಜವಾಗಿ ನಾಚಿಕೆಯಾಯಿತು. ಅಂದಿನಿಂದ ಭಾನುವಾರ ಬಿಡುವಾದಾಗಲೆಲ್ಲ ಅವನಲ್ಲಿಗೆ ಹೋಗುವುದು ರೂಢಿಯಾಯಿತು. ಬಾಣ ಬಿಡಲು ನಾನು ಎಂದೂ ಕಲಿಯಲಿಲ್ಲ. ನಾನು ಬಿಟ್ಟ ಒಂದೇ ಒಂದು ಬಾಣ ನರಸಮ್ಮನ ಕೋಳಿಗೂಡಿನ ಚಾವಣಿಯಲ್ಲಿ ನೆಟ್ಟು, ಅಲ್ಲಿಗೆ ಆ ಆಸೆ ಮುಗಿಯಿತು. ನೋಡುವುದನ್ನು ಮಾತ್ರ ಕಲಿತೆ. ಬಿಲ್ಲು ನಿಂತವನ ಹುಬ್ಬಿನ ಮಟ್ಟಕ್ಕೆ ಬರಬೇಕು. ಮರದ ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ತುಂಡಾಗದೆ ಓಡಿರಬೇಕು. ಎಳೆ ಸೊಟ್ಟಗೆ ಹೋದರೆ ಬಿಲ್ಲೂ ಅದರ ಜೊತೆ ಸೊಟ್ಟಗೆ ಹೋಗಬೇಕು, ಎಳೆಯನ್ನು ಕಡಿದು ನೆಟ್ಟಗೆ ಮಾಡಿದ್ದು ನಂಬಿಕೆಗೆ ಯೋಗ್ಯವಲ್ಲ. ನಾನು ಮೊದಲು ಆರಿಸಿದ್ದು ಆ ಬಗೆಯದು. ತಿಳಿಯದವರು ಬಂದರೆ ಕೊಡಲಿಕ್ಕೆಂದೇ ಅಂಥದ್ದೊಂದನ್ನು ಮಾಡಿ ಇಟ್ಟಿರುತ್ತಿದ್ದನಂತೆ. ಅದನ್ನು ಅವನು ನಗುತ್ತಲೇ ಹೇಳಿದ, ನಾನೂ ನಕ್ಕೆ.

ಒಮ್ಮೆ ಶಿವಾರಪಟ್ಟಣಕ್ಕೆ ಹೋಗಿದ್ದಾಗ ವಿಗ್ರಹ ಕೆತ್ತುವವರು ಉಳಿ ಇಡುವ ಮೊದಲು ಕಲ್ಲನ್ನು ಕುಟ್ಟಿ ದನಿ ಕೇಳುವುದನ್ನು ನೋಡಿದ್ದೆ. ಬಂದು ಗುರ್ರಪ್ಪನಿಗೆ ಹೇಳಿದರೆ, "ಅವರ್ದು ಸುಖದ ಕೆಲಸ, ಕಲ್ಲು ಕೂತ್ಕಡೆ ಕೂತಿರ್ತದೆ" ಎಂದ. ಮರ ಹಾಗಲ್ಲ. ಒಣಗುವಾಗ ಒಂದು ಗುಣ, ಬಾಗುವಾಗ ಒಂದು ಗುಣ. ಬಿಲ್ಲಿನ ಐಬೆಲ್ಲ ಗೊತ್ತಾಗುವುದು ಅದು ಬಾಗಿದಾಗಲೇ. ಗೋಡೆಯ ಗೂಟಕ್ಕೆ ಬಿಲ್ಲಿನ ನಡುವನ್ನು ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ನರಸಮ್ಮ ಕೆಳಕ್ಕೆ ಎಳೆಯುತ್ತಿದ್ದಳು. ಇವನು ಹತ್ತು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. "ಹುಬ್ಬು ಬಾಗಿದಂಗೆ ಬಾಗ್ಬೇಕು ಅಯ್ಯೋರೆ, ಮೊಣಕೈ ಮಡಿಸ್ದಂಗಲ್ಲ." ಒಂದೇ ಕಡೆ ಹೆಚ್ಚು ಬಾಗಿದರೆ ಅದಕ್ಕೆ ಮೊಣಕೈ ಬಂತು ಎನ್ನುತ್ತಿದ್ದ. ಆಗ ಆ ಜಾಗವನ್ನು ಮುಟ್ಟದೆ, ಅದರ ಆಚೆ ಈಚೆ ಸ್ವಲ್ಪ ಸ್ವಲ್ಪ ಹೆರೆದರೆ ಸರಿಹೋಗುತ್ತಿತ್ತು. ಅರ್ಧ ದಿನದ ಕೆಲಸ. ಈ ಅರ್ಧ ದಿನದ ಮಾತನ್ನು ನೀವು ನೆನಪಿನಲ್ಲಿಡಿ, ನನಗೆ ಮರೆಯಲು ಸಾಧ್ಯವಾಗಿಲ್ಲ.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳೆಲ್ಲ ಬೆನ್ನಿಗೊಂದು ಡ್ರಮ್ಮು ಕಟ್ಟಿಕೊಂಡು ಇದ್ದಿಲ ಹೊಗೆಯಿಂದ ಓಡತೊಡಗಿದವು. ಇದ್ದಿಲು ಎಲ್ಲಿಂದ ಬರಬೇಕು? ಗುರ್ರಪ್ಪನ ಬೆಟ್ಟವನ್ನು ಕಂಟ್ರಾಕ್ಟಿಗೆ ಕೊಟ್ಟರು. ಎರಡು ವರ್ಷದಲ್ಲಿ ಬೆಟ್ಟ ಬೋಳಾಯಿತು. ನಾನೂ ಅದೇ ಬಸ್ಸಿನಲ್ಲಿ ಕೂತು ಅವನನ್ನು ನೋಡಲು ಹೋಗುತ್ತಿದ್ದೆ, ದಾರಿಯುದ್ದಕ್ಕೂ ಅವನ ಮರಗಳನ್ನು ಸುಟ್ಟುಕೊಂಡೇ ಹೋಗುತ್ತಿದ್ದೆನೆಂದು ಆಗ ಹೊಳೆಯಲಿಲ್ಲ.

ಎಷ್ಟೋ ವರ್ಷದಿಂದ ಅವನು ಗುರುತು ಮಾಡಿಟ್ಟಿದ್ದ ಒಂದು ತಡಸಲು ಮರವಿತ್ತು. ಕೊಡಲಿ ಬೀಳುವ ಮೊದಲು ಕೂಲಿಯವರ ಕೈಕಾಲು ಹಿಡಿದು ಅದರಿಂದ ಒಂದೇ ಒಂದು ಸೀಳು ತಂದ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಮೂರು ವರ್ಷ ಒಣಗಿಸಿದ. ಅದು ಹದಕ್ಕೆ ಬರುವ ಹೊತ್ತಿಗೆ ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ನೆರಳು ತಿಳಿಯುತ್ತಿತ್ತು, ಗೆರೆ ತಿಳಿಯುತ್ತಿರಲಿಲ್ಲ.

ಬಿಲ್ಲು ಆಗಲೇಬೇಕಿತ್ತು, ಅದಕ್ಕೊಂದು ಕಾರಣವಿತ್ತು. ಸಂಕ್ರಾಂತಿಯ ಮಾರನೆಯ ದಿನ ಆ ಊರಿನವರು ಬೇಟೆಗೆ ಹೊರಡುವುದಕ್ಕೆ ಪಾರ್ವೇಟೆ ಎನ್ನುತ್ತಾರೆ. ಹೊರಡುವ ಮೊದಲು ಗುಡಿಯ ಮುಂದೆ ಗುರ್ರಪ್ಪನ ಮನೆಯವರು ಆ ವರ್ಷ ಮಾಡಿದ ಹೊಸ ಬಿಲ್ಲಿನಿಂದ ಮೊದಲ ಬಾಣ ಬಿಡಬೇಕು. ಹಿಂದಿನ ಎರಡು ವರ್ಷ ಮರವಿಲ್ಲದೆ ಹಳೆಯ ಬಿಲ್ಲಿಗೇ ಎಣ್ಣೆ ತಿಕ್ಕಿ ಹೊಸದೆಂದು ಸಾಗಿಸಿದ್ದ. ಪಟೇಲರಿಗೆ ಅದು ತಿಳಿದುಹೋಗಿತ್ತು. ಅವರ ಮನೆಗೆ ಜೋಡು ನಳಿಗೆಯ ಬಂದೂಕು ಬಂದಿತ್ತು. ಈ ಸಲ ಹೊಸ ಬಿಲ್ಲಿಲ್ಲದಿದ್ದರೆ ಬಂದೂಕು ಹಾರಿಸಿ ಹೊರಡುವುದು, ಮುಂದಕ್ಕೂ ಅದೇ ಪದ್ಧತಿ ಎಂದು ಹೇಳಿ ಕಳಿಸಿದ್ದರು.

ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ನಾನು ಹೋದಾಗ ಬಿಲ್ಲು ಗೂಟದಲ್ಲಿತ್ತು. ದಪ್ಪ ಸಣ್ಣ ಎಲ್ಲ ಬೆರಳಲ್ಲೇ ಅಳೆದು ಹೆರೆದಿದ್ದ. ಆದರೆ ಬಾಗಿದ ಬಿಲ್ಲಿನ ಗೆರೆಯನ್ನು ಬೆರಳಿನಿಂದ ನೋಡಲಾಗುವುದಿಲ್ಲ.

"ನನ್ನ ಕಣ್ಣು ಹೋಯ್ತು ಅಯ್ಯೋರೆ. ನಿಮ್ಮ ಕಣ್ಣು ನಾನೇ ತಿದ್ದಿದ್ದು. ನೋಡಿ ಹೇಳಿ, ನೀವು ಸರಿ ಅಂದ್ರೆ ಸರಿ, ಅಂತೇ."

ನರಸಮ್ಮ ಹಗ್ಗ ಎಳೆದಳು. ನಾನು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆ. ಹಿಡಿಯ ಕೆಳಗಿನ ಅರ್ಧ, ಅವನ ಮಾತಿನಲ್ಲಿ ಕೆಳಗಿನ ಕೈ, ಹುಬ್ಬಿನಂತೆ ಬಾಗಿತು. ಮೇಲಿನ ಕೈಯಲ್ಲಿ, ಹಿಡಿಯಿಂದ ಒಂದು ಗೇಣು ಮೇಲೆ, ಮೊಣಕೈ ಇತ್ತು. ಸಣ್ಣದು. ಇನ್ನೊಮ್ಮೆ ಎಳೆಯಮ್ಮ ಎಂದೆ. ಇನ್ನೊಮ್ಮೆಯೂ ಇತ್ತು.

ಬಸ್ಸಿನ ಹೊತ್ತಾಗುತ್ತ ಬಂದಿತ್ತು. ವಾಪಸಾಗಲು ದಿನಕ್ಕೆ ಒಂದೇ ಬಸ್ಸು, ರಸ್ತೆಗೆ ಮೂರು ಮೈಲಿ. ಹೇಳಿದರೆ ಅವನು ಬಿಡುವುದಿಲ್ಲ, ಹೆರೆಯುತ್ತಾನೆ, ಮತ್ತೆ ನೋಡು ಎನ್ನುತ್ತಾನೆ, ಕತ್ತಲಾಗುತ್ತದೆ. ಕುರುಡನ ಮನಸ್ಸು ನೋಯಿಸಬಾರದೆಂದು ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂತು ಎಂದೂ ಹೇಳಿಕೊಂಡಿದ್ದೇನೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಬಸ್ಸು ತಪ್ಪುತ್ತದೆ ಎಂಬುದೇ ನಿಜವಾದ ಕಾರಣ.

"ಬಹಳ ಚೆನ್ನಾಗಿದೆ ಗುರ್ರಪ್ಪ" ಎಂದೆ.

ಅವನ ಮುಖ ಅರಳಿದ್ದನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ನರಸಮ್ಮ ಕೂಡಲೇ ಗೂಟದಿಂದ ಬಿಲ್ಲಿಳಿಸಿ ಹೆದೆ ಬಿಚ್ಚಿ ಮಲಗಿಸಿದಳು. ನಾನು ಓಡಿದೆ. ಬಸ್ಸು ಸಿಕ್ಕಿತು.

ಮುಂದಿನ ಭಾನುವಾರ ಹೋಗಿ ಹೇಳಬಹುದಿತ್ತು. ಆಗಲೂ ಅರ್ಧ ದಿನ ಸಾಕಾಗಿತ್ತು. ಹೋಗಲಿಲ್ಲ. ಮೊಣಕೈ ಬಂದ ಬಿಲ್ಲೆಲ್ಲ ಮುರಿಯುತ್ತದೆಯೇ, ಎಷ್ಟೋ ಬಾಳುತ್ತವೆ ಎಂದುಕೊಂಡೆ.

ಪಾರ್ವೇಟೆಯ ದಿನ ನನಗೆ ಗುಡಿಯ ಮುಂದೆ ಚಾಪೆ ಹಾಕಿ ಕೂರಿಸಿದ್ದರು. ಗುರ್ರಪ್ಪ ಮಡಿ ಪಂಚೆ ಉಟ್ಟು ಬಂದ. ಬಿಲ್ಲನ್ನು ದೇವರಿಗೆ ತೋರಿಸಿ, ತಾನೇ ಹೆದೆ ಏರಿಸಿ, ಬಾಣ ಹೂಡಿ ಕಿವಿಯವರೆಗೆ ಎಳೆದ. ಹಿಡಿಯಿಂದ ಒಂದು ಗೇಣು ಮೇಲೆ, ನಾನು ನೋಡಿದ್ದ ಜಾಗದಲ್ಲೇ, ಅದು ಮುರಿಯಿತು. ಬಾಣ ಅವನ ಕಾಲ ಬಳಿಯೇ ಬಿತ್ತು. ಯಾರೂ ನಗಲಿಲ್ಲ. ಪಟೇಲರು ಸ್ವಲ್ಪ ಹೊತ್ತು ಕಾದು, ಆಮೇಲೆ ಬಂದೂಕು ಎತ್ತಿ ಆಕಾಶಕ್ಕೆ ಹಾರಿಸಿದರು. ಗುಡಿಯ ಪಾರಿವಾಳಗಳು ಎದ್ದವು, ಜನ ಬೆಟ್ಟದ ಕಡೆ ಹೊರಟರು.

ನಾವಿಬ್ಬರೇ ಉಳಿದೆವು. ಅವನು ನೆಲದಲ್ಲಿ ಕೂತು ಮುರಿದ ಜಾಗವನ್ನು ಬೆರಳಿನಿಂದ ತಡವಿದ. ಬಹಳ ಹೊತ್ತು ತಡವಿದ. ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು.

"ಇಲ್ಲಿ ಮೊಣಕೈ ಇತ್ತಲ್ಲ ಅಯ್ಯೋರೆ. ನಿಮಗೆ ಕಾಣ್ಲಿಲ್ವಾ?"

"ಕಾಣಲಿಲ್ಲ ಗುರ್ರಪ್ಪ."

ಅವನು ತಲೆಯಾಡಿಸಿದ. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನೀವು ಬೇಜಾರ್ ಮಾಡ್ಕೋಬೇಡಿ. ನಾನು ಸರಿಯಾಗಿ ಕಲಿಸ್ಲಿಲ್ಲ, ಅಂತೇ" ಎಂದ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮಾತು ಕೇಳಿದ ಮೇಲೆಯೂ ಬಾಯಿ ಬಿಡದೆ ಕೂತಿದ್ದವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ಅವನು ಉಳಿದ ತುಂಡಿನ ಮುರಿದ ಮೊನೆಯನ್ನು ಹೆರೆದು ಗುಂಡಗೆ ಮಾಡಿ, ಮುಂದೆ ಕೋಲಿಗಾಗುತ್ತದೆ ಎಂದು ನನ್ನ ಕೈಗೇ ಕೊಟ್ಟ. ಸಂಜೆಯ ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ಕ್ಲೀನರು ಹಿಂದೆ ಇದ್ದಿಲ ಡ್ರಮ್ಮಿಗೆ ಗಾಳಿ ಊದುವ ಚಕ್ರ ತಿರುಗಿಸಿ ಸುಸ್ತಾಗಿ ಕಿಟಕಿಯ ಹತ್ತಿರ ಬಂದು, "ಸಾಮಿ, ಆ ತುಂಡು ಕೊಟ್ರೆ ಬೆಂಕಿ ಹತ್ಕೊಳ್ತದೆ" ಎಂದ. ತಮಾಷೆಗೆ ಅಂದದ್ದು. ನಾನು ಅದನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡೆ. ಆ ಬೆಟ್ಟದ ಮರದಲ್ಲಿ ಸುಡದೆ ಉಳಿದದ್ದು ನನ್ನ ತೊಡೆಯ ಮೇಲಿದ್ದ ಅಷ್ಟು ಮಾತ್ರ.

ಮುಂದಿನ ಸಂಕ್ರಾಂತಿಗೆ ಗುರ್ರಪ್ಪ ಇರಲಿಲ್ಲ. ನಾನು ಆ ಊರಿಗೆ ಮತ್ತೆ ಹೋಗಲಿಲ್ಲ. ನರಸಮ್ಮ ಏನಾದಳೋ ತಿಳಿಯದು, ತಿಳಿದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಬಡಗಿ ಇವತ್ತು ಬಾಗಿಲು ಮುಗಿಸಲು ಮತ್ತೆ ಬಂದಿದ್ದ. ಒಂದು ತಿಂಗಳಿಂದ ಕೋಲಿನ ಹಿಡಿಯ ಕೆಳಗೆ ನನ್ನ ಹೆಬ್ಬೆರಳಿಗೆ ಏನೋ ತಾಗುತ್ತಿದೆ, ಕೂದಲೆಳೆಯಷ್ಟು. ನನ್ನ ಕಣ್ಣಿಗೂ ಈಗ ಅಂಥದ್ದು ಕಾಣುವುದಿಲ್ಲ. ಅವನು ಹೊರಡುವಾಗ ಕೋಲನ್ನು ಕೈಗೆ ಕೊಟ್ಟು, "ಸೀಳು ಏನಾದರೂ ಬಿಟ್ಟಿದೆಯಾ, ನೋಡಿ ಹೇಳಪ್ಪ" ಎಂದೆ.

ಅವನು ಬೆಳಕಿಗೆ ಹಿಡಿದು ನೋಡಿದ. ಅವನ ಬೆರಳು ಒಂದು ಕಡೆ ನಿಂತಿತು. ಆಮೇಲೆ ನಮ್ಮ ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ, ಕೋಲನ್ನು ನನ್ನ ಕೈಗೆ ಹಿಂದಕ್ಕೆ ಕೊಟ್ಟ.

"ಏನಿಲ್ಲ ಸಾರ್. ಬಹಳ ಚೆನ್ನಾಗೈತೆ."

"ನಿನಗೆ ಕಂಡಿತು ಕಣಪ್ಪ" ಎಂದೆ. "ನನಗೂ ಕಂಡಿತ್ತು."

ಅವನಿಗೆ ಅರ್ಥವಾಗಲಿಲ್ಲ. ಮುದುಕರ ಮಾತೆಂದು ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟ. ಬಾಗಿಲು ಈಗ ಚೆನ್ನಾಗಿ ಮುಚ್ಚುತ್ತದೆ. ನಾನು ಕೋಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತಿದ್ದೇನೆ, ಊರಿ ಏಳಲು ಕೈ ಬರುತ್ತಿಲ್ಲ.