ಅವರ ಸಿನಿಮಾ ಮೆಹಕರಕ್ಕೆ ಬಂದ ಮಧ್ಯಾಹ್ನ

ನಾನು ಕ್ಯಾಮೆರಾ ಹಿಡಿದದ್ದು ಸಿನಿಮಾದ ಆಸೆಯಿಂದಲ್ಲ. ಬೀದರಿನ ಹಳೇ ಊರಿನಲ್ಲಿ ಮದುವೆ ವಿಡಿಯೊ ತೆಗೆಯುವ ಒಂದು ಸ್ಟುಡಿಯೊ ಇತ್ತು. ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಕಡೆಯ ಮದುವೆಗಳಲ್ಲಿ ಹೆಂಗಸರ ಕೋಣೆಗೆ ಗಂಡಸು ಕ್ಯಾಮೆರಾ ತೆಗೆದುಕೊಂಡು ಹೋಗುವಂತಿಲ್ಲ. ಹಾಗಾಗಿ ಆಪಾ ಇಪ್ಪತ್ತು ವರ್ಷ ತಾವೇ ಆ ಕೆಲಸ ಮಾಡಿದ್ದರು. ಮೊಣಕಾಲು ಕೈಕೊಟ್ಟಾಗ ಒಬ್ಬ ಹುಡುಗಿಯನ್ನು ಹುಡುಕಿದರು. ನಾನು ಆಗ ಡಿಗ್ರಿ ಮುಗಿಸಿ, ಬೀದರಿನದೇ ಮೈಲೂರು ಬಡಾವಣೆಯಲ್ಲಿ ಅವ್ವನ ಜೊತೆ ಬಾಡಿಗೆ ಮನೆಯಲ್ಲಿ ಸುಮ್ಮನೆ ಕೂತಿದ್ದೆ.

ಆಪಾ ಕಲಿಸಿದ್ದು ಎರಡು ವಿದ್ಯೆ. ಒಂದು, ಯಾರಿಗೂ ಅಡ್ಡ ಬರದಂತೆ ನಿಲ್ಲುವುದು. ಇನ್ನೊಂದು, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲರ ಮುಖ ಬೆಳ್ಳಗೆ ಮಾಡುವುದು. ಪರದೆಯ ಬದಿಗೆ ಒಂದು ಗೆರೆ ಇರುತ್ತಿತ್ತು, ಅದರ ಮೇಲಿನ ಗುಂಡಿಯನ್ನು ಬಲಕ್ಕೆ ಎಳೆದರೆ ಸಾಕು, ಮದುಮಗಳು ಹಾಲಿನಂತೆ ಆಗುತ್ತಿದ್ದಳು. ಗಿರಾಕಿಗಳು ಕೇಳುವ ಮೊದಲೇ ನಾವು ಎಳೆದಿರುತ್ತಿದ್ದೆವು.

ನಮ್ಮೂರು ಭಾಲ್ಕಿ ತಾಲ್ಲೂಕಿನ ಮೆಹಕರ. ಅಲ್ಲಿ ನನ್ನ ದೊಡ್ಡಪ್ಪನ ಮಗಳ ಮದುವೆಯಾದಾಗ ವಿಡಿಯೊ ನಾನೇ ತೆಗೆದೆ, ಗುಂಡಿಯನ್ನೂ ಎಂದಿನಂತೆ ಎಳೆದೆ. ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಪರದೆಯ ಮೇಲೆ ಅಕ್ಕಿಕಾಳು ಹಿಡಿದು ನಿಂತಿದ್ದ ಹೆಂಗಸನ್ನು ತೋರಿಸಿ ಕೇಳಿದಳು, “ಇಕಿ ಯಾರು?”

“ನೀನ ಬೇ ಅವ್ವ.”

“ನಾ ಹಿಂಗ ಎಲ್ಲಿ ಅದೀನಿ? ಬೂದಿ ಬಡದಂಗ ಕಾಣ್ತದ.”

ಸಿಟ್ಟಿನಿಂದ ಅಂದದ್ದಲ್ಲ. ಎದ್ದು ರೊಟ್ಟಿ ಬಡಿಯಲು ಹೋದಳು. ಆದರೆ ಆ ಮಾತು ನನ್ನೊಳಗೆ ಉಳಿಯಿತು. ಮುಂದೆ ಎಷ್ಟೋ ತಿಂಗಳು ಗುಂಡಿ ಎಳೆಯುವಾಗೆಲ್ಲ ಕೈ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ಒಂದು ಮದುವೆ ಮುಗಿಸಿ ಸ್ಟೇಷನ್ನಿಗೆ ಬಂದೆ. ಬೀದರಿನ ರೈಲು ತಡ ಎಂದರು. ಪ್ಲಾಟ್‌ಫಾರ್ಮಿನ ಬೇವಿನ ನೆರಳಲ್ಲಿ ಕೂತು ಮೊಬೈಲ್ ತೆಗೆದೆ. ಮುಖಕ್ಕೆ ಬೆಳಕು ಕೊಡುವುದು ಹೇಗೆ ಎಂದು ಹುಡುಕುತ್ತ ಹೋದವಳಿಗೆ ಒಂದು ಹಳೆಯ ಸಿನಿಮಾ ಸಿಕ್ಕಿತು. ಅಮೆರಿಕದ ಕಪ್ಪು ವರ್ಣದ ಒಬ್ಬ ಹೆಣ್ಣುಮಗಳು ಮಾಡಿದ್ದು. ದೊಡ್ಡ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಚಾದರಗಳನ್ನು ಒಗೆಯುವ ಮೂವರು ಹೆಂಗಸರು, ರಜೆಯ ಒಂದು ದಿನ ನದಿ ನೋಡಲು ಹೋಗುತ್ತಾರೆ. ಕಥೆ ಅಷ್ಟೇ.

ಅವರ ಇಂಗ್ಲಿಷು ನನಗೆ ಅರ್ಧವೂ ತಿಳಿಯಲಿಲ್ಲ. ಆದರೆ ಬಿಳಿ ಹಬೆಯೊಳಗಿಂದ ಒಂದು ಕಪ್ಪು ಮುಖ ನಿಧಾನ ಮೇಲೆದ್ದು ಬಂದಾಗ ನಾನು ಮೊಬೈಲನ್ನು ಕಣ್ಣಿನ ಹತ್ತಿರ ತಂದೆ. ಆ ಕಪ್ಪಿನಲ್ಲಿ ಎಷ್ಟೊಂದು ಬಣ್ಣಗಳಿದ್ದವು. ಕೆನ್ನೆಯ ಮೇಲೆ ತಾಮ್ರ, ಕೊರಳ ಕೆಳಗೆ ನೇರಳೆ, ಹಣೆಯಲ್ಲಿ ಜೋನಿಬೆಲ್ಲದ ಹೊಳಪು. ಒಬ್ಬಳು ಕಿಟಕಿಯ ಬಳಿ ಕೂತಿದ್ದಳು, ಇನ್ನೊಬ್ಬಳು ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಸುತ್ತ ಬಿಸಿಲು, ಬೇವಿನ ಹೂವಿನ ವಾಸನೆ, ದೂರದಲ್ಲಿ ಯಾರೋ ಯಾರನ್ನೋ ಕರೆಯುವ ದನಿ, ಎಲ್ಲ ಆ ಕೋಣೆಯೊಳಗೇ ನಡೆಯುತ್ತಿದ್ದಂತೆ ಅನ್ನಿಸಿತು. ಸಿನಿಮಾ ಮುಗಿದು ತಲೆ ಎತ್ತಿದಾಗ ಪ್ಲಾಟ್‌ಫಾರ್ಮು ಖಾಲಿ. ರೈಲು ನನ್ನ ಮುಂದೆಯೇ ಬಂದು ನಿಂತು ಹೋಗಿತ್ತಂತೆ. ಬಸ್ಸಿಗೆ ಬೀದರ ಸೇರಿದೆ.

ಆಮೇಲೆ ಆ ಸಿನಿಮಾ ಮಾಡಿದವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅವರ ಮಾತುಕತೆಗಳನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಹತ್ತಿ ಬಿಡಿಸುವ ಮನೆತನ. ತಾಯಿ ಬೇರೆಯವರ ಬಟ್ಟೆಗೆ ಇಸ್ತ್ರಿ ಮಾಡಿ ಮಗಳನ್ನು ಓದಿಸಿದವಳು. ಮಗಳು ಉತ್ತರದ ದೊಡ್ಡ ಊರಿಗೆ ಹೋಗಿ, ಟಿವಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದಳು. ಊಟದ ಬಿಡುವಿನಲ್ಲಿ ಫಿಲ್ಮು ಕತ್ತರಿಸಿ ಜೋಡಿಸುವ ಕೋಣೆಯ ಬಾಗಿಲಲ್ಲಿ ನಿಂತು ಕೆಲಸ ಕಲಿತಳು. ವರ್ಷಗಟ್ಟಲೆ ಬೇರೆಯವರ ಚಿತ್ರ ಜೋಡಿಸಿ, ನಲವತ್ತು ಸಮೀಪಿಸಿದಾಗ ತನ್ನ ಚಿತ್ರ ಮಾಡಿದಳು. ಅವರ ಜನರ ಹೆಣ್ಣುಮಕ್ಕಳಲ್ಲಿ ಹಾಗೆ ಮಾಡಿದವರು ಅಲ್ಲಿಯವರೆಗೆ ಇರಲಿಲ್ಲವೆಂಬಷ್ಟು ಕಡಿಮೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆಗಿನ ಫಿಲ್ಮು ತೊಳೆಯುವ ಲ್ಯಾಬುಗಳಲ್ಲಿ ಬಣ್ಣ ಸರಿಯಾಗಿದೆಯೋ ಇಲ್ಲವೋ ನೋಡಲು ಒಬ್ಬ ಬಿಳಿ ಹೆಂಗಸಿನ ಚಿತ್ರ ಇಟ್ಟುಕೊಳ್ಳುತ್ತಿದ್ದರಂತೆ. ಆಕೆಯ ಮುಖ ಸರಿಯಾಗಿ ಕಂಡರೆ ಎಲ್ಲ ಸರಿ. ಇವರ ಮೂವರು ಹೆಂಗಸರ ಮುಖ ಲ್ಯಾಬಿನಿಂದ ಮಸಿ ಬಳಿದಂತೆ ಬಂತು. ಇವರು ಡಬ್ಬಿಗಳನ್ನು ಹೊತ್ತುಕೊಂಡು ಹೋಗಿ, ಚಾದರ ಕಾಣದಿದ್ದರೂ ಚಿಂತೆಯಿಲ್ಲ, ಮೊದಲು ಈ ಹೆಂಗಸರ ಮುಖ ಕಾಣಲಿ ಎಂದು ಹೇಳಿ, ಲ್ಯಾಬಿನವರು ಸರಿಮಾಡುವವರೆಗೂ ಮೆಟ್ಟಿಲ ಮೇಲೆ ಕೂತರು. ಚಿತ್ರ ಮುಗಿದ ಮೇಲೆ ಅದನ್ನು ತೋರಿಸಲು ಯಾವ ಥಿಯೇಟರಿನವರೂ ಒಪ್ಪಲಿಲ್ಲ. ಹೆಂಗಸರು ಸುಮ್ಮನೆ ಕೂತಿರುವುದನ್ನು ಯಾರು ನೋಡುತ್ತಾರೆ ಎಂದರಂತೆ. ಇವರು ಕಾರಿನ ಹಿಂದೆ ರೀಲು ಹಾಕಿಕೊಂಡು ತಮ್ಮ ಜನರ ಚರ್ಚುಗಳಿಗೆ ಹೋಗಿ ಬಿಳಿ ಬಟ್ಟೆ ಕಟ್ಟಿ ತೋರಿಸಿದರು. ಎರಡನೇ ಚಿತ್ರಕ್ಕೆ ಬಹಳ ವರ್ಷ ಕಾಯಬೇಕಾಯಿತು. ನಡುವೆ ಪಾಠ ಹೇಳಿದರು. ಆ ವರ್ಷಗಳ ಬಗ್ಗೆ ಯಾರು ಕೇಳಿದರೂ ಅವರು ಮಾತು ಬದಲಿಸುತ್ತಿದ್ದರು.

ಆ ಮಾತುಕತೆಗಳಲ್ಲಿ ಅವರು ಹೇಳಿದ ಬೆಳಕಿನ ಉಪಾಯಗಳನ್ನು ಸ್ಟುಡಿಯೊದಲ್ಲಿ ಮಾಡಿ ನೋಡಿದೆ. ಎದುರಿನಿಂದ ಹೊಡೆಯುವ ದೊಡ್ಡ ಲೈಟು ಆರಿಸಿದೆ. ಕಿಟಕಿಯ ಪಕ್ಕಕ್ಕೆ ಅವ್ವನ ಅರಿಶಿಣ ಬಣ್ಣದ ಸೀರೆ ಇಳಿಬಿಟ್ಟು, ಅದರಿಂದ ತಿರುಗಿ ಬಂದ ಬೆಳಕಿನಲ್ಲಿ ಆಪಾರನ್ನು ಕೂರಿಸಿದೆ. ಕೆನ್ನೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದೆ. ಆಪಾ ಇದೇನು ತಮಾಷಾ ಎಂದು ನಗುತ್ತಲೇ ಇದ್ದವರು ಪರದೆಯ ಹತ್ತಿರ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ, ತಮ್ಮ ನಿಕಾಹದ ದಿನವೂ ತಾವು ಇಷ್ಟು ಚೆಂದ ಇರಲಿಲ್ಲ ಎಂದರು.

ಮೊದಲ ಪರೀಕ್ಷೆ ಔರಾದಿನಲ್ಲಿ ಬಂತು. ಮದುಮಗಳು ಆಸ್ಪತ್ರೆಯಲ್ಲಿ ನರ್ಸು, ಎಣ್ಣೆಗೆಂಪು ಬಣ್ಣದ ಹುಡುಗಿ. ಅವಳ ಸೋದರತ್ತೆ ಬಾಗಿಲಲ್ಲೇ ನನ್ನನ್ನು ತಡೆದು, ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ತೆಗೆಯಬೇಕೆಂದು ಹೇಳಿದರು. ನಾನು ಬ್ಯಾಗು ಎತ್ತಿಕೊಂಡು ಒಳಗೆ ಹೋದೆ. ಅಲಂಕಾರದ ಕೋಣೆಯಲ್ಲಿ ಹುಡುಗಿ ಒಬ್ಬಳೇ ಸಿಕ್ಕಾಗ, ಬೆಳ್ಳಗೆ ಮಾಡಲೇ ಎಂದು ಅವಳನ್ನೇ ಕೇಳಿದೆ. ಅವಳು ಬಳೆ ಸರಿಮಾಡಿಕೊಳ್ಳುತ್ತ ಅಂದಳು, “ನನ್ನ ಮಾರಿ ನನಗಿರ್ಲಿ ರೀ. ನಾಳಿ ಡ್ಯೂಟಿಗಿ ಇದೇ ಮಾರಿ ಹೊತ್ತು ಹೋಗ್ತೇನಿ.”

ನಾನು ಸೀರೆಯನ್ನು ಕಿಟಕಿಗೆ ಕಟ್ಟಿದೆ. ಹದಿನೈದು ದಿನದ ಮೇಲೆ ಸೋದರತ್ತೆ ಬಸ್ಸು ಹಿಡಿದು ಬೀದರಿಗೆ ಬಂದರು. ಹೇಳಿದ ಕೆಲಸ ಆಗಿಲ್ಲ ಎಂದು ಜಗಳಕ್ಕೇ ಬಂದಿದ್ದರು. ಆಪಾ ಅವರಿಗೆ ನೀರು ಕೊಟ್ಟು, ಕೂರಿಸಿ, ದೊಡ್ಡ ಪರದೆಯ ಮೇಲೆ ಮತ್ತೊಮ್ಮೆ ಹಾಕಿದರು. ಹುಡುಗಿ ಕಿಟಕಿಯ ಕಡೆ ತಿರುಗಿದ ಒಂದು ಗಳಿಗೆಯಲ್ಲಿ ಆ ಹೆಂಗಸು ಕೈ ಎತ್ತಿ, ನಿಲ್ಲಿಸಿ ಎಂದರು. ಬಹಳ ಹೊತ್ತು ನೋಡಿದರು.

“ನಮ್ಮವ್ವ ಇದ್ದಂಗ ಕಾಣಸ್ತಾಳ. ನಮ್ಮವ್ವಂದು ಒಂದು ಫೋಟೊ ಇಲ್ರೀ ಮನ್ಯಾಗ.”

ಆ ಒಂದು ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ಹೋದರು. ಎಲ್ಲರೂ ಹೀಗೇ ಮಾಡಿದರು ಎಂದರೆ ಸುಳ್ಳಾಗುತ್ತದೆ. ಕೆಲವು ಮನೆಯವರು ಬೇರೆ ಸ್ಟುಡಿಯೊಕ್ಕೆ ಹೋದರು. ಆಪಾ ಮಾತ್ರ ಮರುವಾರ ತಾವೇ ಬಜಾರಿಗೆ ಹೋಗಿ ಅರಿಶಿಣ ಬಣ್ಣದ ಬಟ್ಟೆಯ ಒಂದು ಇಡೀ ಸುರುಳಿಯನ್ನೇ ತಂದರು.

ಆ ನಿರ್ದೇಶಕಿಗೆ ನಾನು ಪತ್ರ ಬರೆದದ್ದು ಆಮೇಲೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಬರೆದೆ. ನಮ್ಮೂರ ಹೆಂಗಸರಿಗೆ ನಿಮ್ಮ ಸಿನಿಮಾ ತೋರಿಸಲೇ ಎಂದು ಕೇಳಿದೆ. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಅವರು ಓದಲಾರರು, ಆದ್ದರಿಂದ ನಾನು ಪಕ್ಕದಲ್ಲಿ ನಿಂತು ನಮ್ಮ ಮಾತಿನಲ್ಲಿ ಹೇಳುತ್ತೇನೆ ಎಂದೆ. ಬೇಸಿಗೆ, ಮಳೆಗಾಲ ಎರಡೂ ಕಳೆದವು. ಉತ್ತರದ ಆಸೆ ಬಿಟ್ಟ ಮೇಲೆ ಒಂದು ದಿನ ಬಂತು. ಮೂರೇ ಸಾಲು. ತೋರಿಸಬಹುದು, ಆದರೆ ಒಂದು ಷರತ್ತು. ಹೆಂಗಸರು ಎಲ್ಲೆಲ್ಲಿ ನಕ್ಕರೆಂದು ತಮಗೆ ಬರೆದು ತಿಳಿಸಬೇಕು.

ತೊಗರಿ ರಾಶಿ ಮುಗಿದ ಮೇಲಿನ ಒಂದು ಮಧ್ಯಾಹ್ನ ಮೆಹಕರದ ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಸಿನಿಮಾ ಇಟ್ಟೆವು. ಪ್ರೊಜೆಕ್ಟರು ಆಪಾರದು, ಅವರೂ ಕೋಲೂರಿಕೊಂಡು ಬಂದಿದ್ದರು. ಕತ್ತಲಾಗಬೇಕಲ್ಲ, ಹೆಂಗಸರು ಮನೆಗಳಿಂದ ಕೌದಿ ತಂದು ಕಿಟಕಿಗಳಿಗೆ ಕಟ್ಟಿದರು. ಹೊರಗಿನ ಬಿಸಿಲು ಕೌದಿಯ ತೇಪೆಗಳ ಮೂಲಕ ಕೆಂಪಾಗಿ, ಹಸಿರಾಗಿ ಒಳಗೆ ಇಳಿಯಿತು. ಬುದ್ಧನ ಮೂರ್ತಿಯ ಮುಂದಿನ ನೆಲದಲ್ಲಿ ಅರವತ್ತು ಹೆಂಗಸರು ಕಾಲು ಚಾಚಿ ಕೂತರು. ನೀರಿನ ತಳದಲ್ಲಿ ಕೂತಂತಿತ್ತು.

ಸಿನಿಮಾದ ಮೂವರಲ್ಲಿ ಹಿರಿಯಳ ಮಾತನ್ನು ನಾನು ನನ್ನ ದೊಡ್ಡವ್ವನ ದನಿಯಲ್ಲಿ ಹೇಳಿದೆ. ಬೇರೆ ದನಿ ನನಗೆ ಬರಲಿಲ್ಲ. ಅವಳು ಬಸ್ಸಿನ ಡ್ರೈವರನಿಗೆ ಬೈಯುವಾಗ ಇಡೀ ವಿಹಾರ ನಕ್ಕಿತು. ದೊಡ್ಡವ್ವ ಎರಡನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ನಕ್ಕಳು. ಚಾದರದ ಹಬೆಯ ಭಾಗದಲ್ಲಿ ಯಾರೂ ಮಿಸುಕಲಿಲ್ಲ. ಹಿಂದಿನಿಂದ ಒಬ್ಬ ಅಜ್ಜಿ ಕೇಳಿದಳು, “ಇವರ ಊರ ಯಾವುದು?”

ಅಮೆರಿಕ ಎಂದೆ.

“ಅಮೆರಿಕದಾಗ ಮಂದಿ ಬಟ್ಟಿ ಒಗಿಯೋರು ಇವರೇನು?” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹಂಗಾರ ಅಲ್ಲೂ ಅದ,” ಎಂದು ತನಗೇ ಹೇಳಿಕೊಂಡಳು. ಏನು ಅಲ್ಲೂ ಇದೆ ಎಂದು ಯಾರೂ ಕೇಳಲಿಲ್ಲ.

ಮೂವರೂ ನದಿಯ ದಾರಿ ಹಿಡಿದ ಹೊತ್ತಿಗೆ ಕರೆಂಟು ಹೋಯಿತು. ಯಾರೂ ಏಳಲಿಲ್ಲ, ಕೌದಿ ಸರಿಸಲೂ ಇಲ್ಲ. ಆ ಬಣ್ಣದ ಕತ್ತಲಲ್ಲೇ ಕೂತು, ಮುಂದೆ ಏನಾಯಿತು ಹೇಳು ಎಂದರು. ನಾನು ಹೇಳಲಿಲ್ಲ. ಆಗ ಅವರೇ ಶುರುಮಾಡಿದರು. ಕಿರಿಯಳು ತಿರುಗಿ ಲಾಂಡ್ರಿಗೆ ಹೋಗುವುದಿಲ್ಲ ಎಂದಳು ಒಬ್ಬಳು. ನಡುವಿನವಳಿಗೆ ಈಜು ಬರುತ್ತದೆ, ಯಾರಿಗೂ ಹೇಳಿಲ್ಲ ಎಂದಳು ಇನ್ನೊಬ್ಬಳು. ಮಾತಿನಲ್ಲಿ ನದಿ ಮೆಲ್ಲಗೆ ನಮ್ಮ ಮಾಂಜ್ರಾ ಆಯಿತು, ದಂಡೆಯಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿತು, ಮೂವರೂ ಅಲ್ಲಿ ಕೂತು ರೊಟ್ಟಿ ಬಿಚ್ಚಿದರು. ಅವ್ವ, ಮನೆಯಲ್ಲಿ ದಿನವಿಡೀ ನಾಲ್ಕು ಮಾತಾಡದವಳು, ಹಿರಿಯಳು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳೇ ನೀರಿಗೆ ಇಳಿಯುತ್ತಾಳೆ ಎಂದಳು. ಕರೆಂಟು ಬಂತು. ಪರದೆಯ ಮೇಲೆ ಹಿರಿಯಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನೀರಿಗೆ ಇಳಿದಳು. ಯಾರೋ ಅವ್ವನ ಬೆನ್ನು ತಟ್ಟಿದರು. ನಾನು ಹೋಗಿ ಅವ್ವನ ಪಕ್ಕ ಕೂತೆ. ಕೊನೆಯ ಐದು ನಿಮಿಷ ಯಾರೂ ಹೇಳದೆಯೇ ಸಿನಿಮಾ ನಡೆಯಿತು.

ನಕ್ಕ ಜಾಗಗಳನ್ನೆಲ್ಲ ಬರೆದು ಕಳಿಸಿದೆ. ಕರೆಂಟು ಹೋದದ್ದನ್ನೂ, ಕತ್ತಲಲ್ಲಿ ಹೆಂಗಸರು ಕಥೆ ಕಟ್ಟಿ ನದಿಯನ್ನು ಮಾಂಜ್ರಾ ಮಾಡಿದ್ದನ್ನೂ ಬರೆದೆ. ಈ ಸಲ ಎರಡೇ ದಿನದಲ್ಲಿ ಉತ್ತರ ಬಂತು, ಅವರದೇ ದನಿಯಲ್ಲಿ. ನಿಧಾನದ, ಒರಟಾದ, ನಡುನಡುವೆ ಉಸಿರು ತೆಗೆದುಕೊಳ್ಳುವ ದನಿ. ಚರ್ಚಿನಲ್ಲೂ ಬಸ್ಸಿನ ಜಾಗಕ್ಕೇ ನಕ್ಕಿದ್ದರು ಎಂದರು. ಹೆಂಗಸರು ಕಟ್ಟಿದ ಕಥೆಗಳನ್ನೆಲ್ಲ ಒಂದೂ ಬಿಡದೆ ಕಳಿಸು ಎಂದರು. ಆಮೇಲೆ ಕೇಳಿದರು, ಆ ನದಿ ದಂಡೆಯ ಸಿನಿಮಾ ನೀನು ಯಾವಾಗ ಮಾಡುತ್ತೀ?

ಹಾಗೆ ಶುರುವಾಯಿತು ನನ್ನ ಚಿತ್ರ. ಎರಡು ವರ್ಷದಿಂದ, ಮದುವೆ ಇಲ್ಲದ ದಿನಗಳಲ್ಲಿ, ಮೆಹಕರದ ಹೆಂಗಸರನ್ನು ಅವರು ಹೇಳಿದ ಕಥೆಗಳೊಳಗೆ ನಿಲ್ಲಿಸಿ ತೆಗೆಯುತ್ತಿದ್ದೇನೆ. ತುಂಡು ತುಂಡಾಗಿ ಆ ನಿರ್ದೇಶಕಿಗೆ ಕಳಿಸುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಅವರು ತಿಳಿಸಿದರು, ಕಣ್ಣು ಈಗ ಬಹುತೇಕ ಹೋಗಿದೆ, ಇನ್ನು ಮುಂದೆ ಚಿತ್ರ ಬೇಡ, ಶಬ್ದ ಕಳಿಸು. ಅದನ್ನು ಅಳುಕಿಲ್ಲದೆ, ಹವೆಯ ಸುದ್ದಿ ಹೇಳುವಂತೆ ಹೇಳಿದ್ದರು. ನಾನು ಮಾತ್ರ ಅಂದು ಸ್ಟುಡಿಯೊದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆ. ಆಪಾ ಬಂದು ಪಕ್ಕದಲ್ಲಿ ಕೂತರು. ಸುದ್ದಿ ಕೇಳಿ, ಎರಡೂ ಕೈ ಎತ್ತಿ, ಎಂದೂ ಕಾಣದ ಆ ಹೆಂಗಸಿಗಾಗಿ ತುಟಿಯೊಳಗೇ ದುವಾ ಮಾಡಿದರು.

ಮರುದಿನ ಮೈಕು ತೆಗೆದುಕೊಂಡು ಮಾಂಜ್ರಾ ದಂಡೆಗೆ ಹೋದೆ. ನೀರು ಕಡಿಮೆಯಿತ್ತು, ಹರಿಯುವ ಸದ್ದು ಕಿವಿಯಿಟ್ಟರೆ ಮಾತ್ರ. ಎಮ್ಮೆಗಳು, ಕೊಕ್ಕರೆ, ಆಚೆ ದಂಡೆಯಲ್ಲಿ ಬಟ್ಟೆ ಬಡಿಯುವ ಸದ್ದು. ದೊಡ್ಡವ್ವ ಪಕ್ಕದಲ್ಲಿ ಕೂತು, ಯಾರಿಗೆ ಕಳಿಸುತ್ತೀ ಎಂದು ಕೇಳಿದಳು. ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಮೈಕಿನ ಹತ್ತಿರ ಬಾಗಿದಳು.

“ಅಕ್ಕಾ, ಆರಾಮ ಇರ್ರಿ. ನಾವು ಎಲ್ಲಾರೂ ಆರಾಮ ಅದೀವಿ. ಈ ಸಾರಿ ತೊಗರಿ ಛಲೋ ಬಂದದ.”

ಅದನ್ನು ಹಾಗೆಯೇ ಕಳಿಸಿದೆ, ಅರ್ಥವನ್ನು ಕೆಳಗೆ ಬರೆದು. ವಾರದ ಮೇಲೆ ಅವರ ದನಿ ಬಂತು. ದೊಡ್ಡವ್ವನ ಮಾತನ್ನು ಅವರು ತಮ್ಮ ಬಾಯಲ್ಲಿ ಹೇಳಲು ಪ್ರಯತ್ನಿಸಿದ್ದರು, ‘ಛಲೋ’ ಎಂಬಲ್ಲಿ ಎಡವಿ ನಕ್ಕಿದ್ದರು. ಆಮೇಲೆ ತೊಗರಿ ಎಂದರೆ ಏನು, ಅದನ್ನು ಹೇಗೆ ಬೇಯಿಸುತ್ತಾರೆ ಎಂದು ಕೇಳಿದರು. ಒಂದು ಹಿಡಿ ಬೇಳೆ, ಅರಿಶಿಣ, ಬೆಳ್ಳುಳ್ಳಿ ಒಗ್ಗರಣೆ ಎಂದು ಅವ್ವ ಹೇಳುತ್ತ ಹೋದಳು, ನಾನು ಬರೆದುಕೊಂಡೆ.